ಗೋಡೆಯ ಎಲೆಗೆ ಅಂಕ, ಮರಕ್ಕೆ?

ಎಲೆ, ಬಳ್ಳಿ, ಹೊಳೆಗಳ ವಿನ್ಯಾಸವನ್ನು ಕಂಡಾಗ ಮನಸ್ಸಿಗೆ ಏನೆನಿಸುತ್ತದೆ? ಪ್ರಶ್ನಾವಳಿಯ ಮೂಲಕ ಇದನ್ನು ಅಳೆಯುವ ಪದ್ಧತಿ ಇಂದು ಬಳಕೆಯಲ್ಲಿದೆ. 1932ರಲ್ಲಿ ರೆನ್ಸಿಸ್ ಲಿಕರ್ಟ್ ಮಂಡಿಸಿದ ಹಂತ ಹಂತದ ಮಾಪಕ ಇದಕ್ಕೆ ನೆರವಾಗುತ್ತದೆ.

ಈ ಪ್ರಯತ್ನವನ್ನು ಹಗುರವಾಗಿ ಕಾಣಬೇಕಿಲ್ಲ. ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರ 46 ರೋಗಿಗಳ ದಾಖಲೆಗಳನ್ನು ಹೋಲಿಸಿದ ರೋಜರ್ ಉಲ್ರಿಚ್, ಕಿಟಕಿಯಿಂದ ಮರಗಳನ್ನು ಕಾಣುತ್ತಿದ್ದವರು ಇಟ್ಟಿಗೆ ಗೋಡೆಯನ್ನು ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಮರಳಿದರೆಂದು 1984ರಲ್ಲಿ ಪ್ರಕಟಿಸಿದರು. ಆದರೆ ಅಲ್ಲಿ ಕಿಟಕಿಯಾಚೆ ಇದ್ದದ್ದು ನಿಜವಾದ ಮರ. ಆಧಾರವಾದದ್ದು ದಿನಗಟ್ಟಲೆಯ ದಾಖಲೆ. ಚಿತ್ರ ತೋರಿಸಿ ಆ ಕ್ಷಣದ ಅನಿಸಿಕೆ ಕೇಳುವ ಸಮೀಕ್ಷೆ ಅಷ್ಟು ದೂರ ಸಾಗಲಾರದು.

ನಮ್ಮ ಮಲೆನಾಡಿನ ದೀವರ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರವನ್ನೇ ನೋಡಿ. ಕೆಮ್ಮಣ್ಣು, ಅಕ್ಕಿ, ಗುರಿಗೆ ಕಾಯಿಗಳಿಂದ ಬಣ್ಣ, ಪುಂಡಿನಾರಿನಿಂದ ಕುಂಚ. ಅದರ ಚೆಲುವಿಗೆ ನೋಡುಗರು ಐದಕ್ಕೆ ಐದು ಅಂಕ ಕೊಟ್ಟಾರು. ಆ ಕಾಯಿ, ಆ ನಾರು ಈಗಲೂ ಊರ ಸುತ್ತ ಸಿಗುತ್ತವೆಯೇ ಎಂಬುದು ಆ ಅಂಕದಿಂದ ತಿಳಿಯದು.

ಪ್ರಶ್ನಾವಳಿ ಹಿಡಿದು ಬರುವ ವಿದ್ಯಾರ್ಥಿಗಳಿಗೆ ಮನಃಪೂರ್ವಕವಾಗಿ ಉತ್ತರಿಸೋಣ. ಜೊತೆಗೆ ಈ ಒಂದು ಪ್ರಶ್ನೆಯನ್ನೂ ಸೇರಿಸಿರೆಂದು ಕೇಳೋಣ. ಚಿತ್ರದ ಮೂಲವಾದ ಕಾಡು ಇಲ್ಲವಾದರೆ ನಿಮಗೆ ಏನೆನಿಸುತ್ತದೆ? ಆ ಉತ್ತರಗಳು ನಗರದ ವಿನ್ಯಾಸಕಾರರಿಗಷ್ಟೇ ಅಲ್ಲ, ಗ್ರಾಮಸಭೆಗೂ ತಲುಪಲಿ.