ವರದಿಗಳು ತಾಲ್ಲೂಕು ಗ್ರಂಥಾಲಯಕ್ಕೆ ಬರಲಿ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳು ಮಲೆನಾಡು ಬಯಲುಸೀಮೆಗೆ ಇಳಿಯುವ ಸೆರಗಿನಲ್ಲಿವೆ. ಘಟ್ಟದ ಕಾಡು, ನದಿಗಳ ಕುರಿತು ಬೆಂಗಳೂರು, ದೆಹಲಿಗಳಲ್ಲಿ ಆಗುವ ತೀರ್ಮಾನಗಳು ಇಲ್ಲಿನ ಕೆರೆ, ಹೊಲಗಳನ್ನೂ ತಟ್ಟುತ್ತವೆ. ಆ ತೀರ್ಮಾನಗಳಿಗೆ ಆಧಾರವಾದ ವರದಿಗಳನ್ನು ಓದಿದವರು ನಮ್ಮಲ್ಲಿ ಎಷ್ಟು ಮಂದಿ?

ಬೇಡ್ತಿ-ವರದಾ ಜೋಡಣೆಯನ್ನೇ ನೋಡೋಣ. ಕಾಡು ನಾಶವಾಗುತ್ತದೆಂದು ಶಿರಸಿ, ಯಲ್ಲಾಪುರದ ಕಡೆಯವರು ವಿರೋಧಿಸುತ್ತಾರೆ. ನೀರು ಬರುತ್ತದೆಂದು ಹಾವೇರಿ ಜಿಲ್ಲೆಯ ರೈತರು ಬೆಂಬಲಿಸುತ್ತಾರೆ. ರಾಷ್ಟ್ರೀಯ ಜಲ ಅಭಿವೃದ್ಧಿ ಸಂಸ್ಥೆಯ ಮೂಲ ಪ್ರಸ್ತಾವದಲ್ಲಿ ನೀರಾವರಿ ತೋರಿಸಿದ್ದು ರಾಯಚೂರು ಜಿಲ್ಲೆಗೆ. ಮುಂದೆ ಲೆಕ್ಕ ಬದಲಾಗುತ್ತ ಬಂದಿದೆ. ಹಾನಗಲ್ಲಿಗೆಷ್ಟು, ಸವಣೂರಿಗೆಷ್ಟು, ಯಾವ ತಿಂಗಳಲ್ಲಿ ಎಂಬುದು ವರದಿಯ ಪುಟಗಳಿಂದ ತಿಳಿಯಬೇಕೇ ಹೊರತು ಭಾಷಣಗಳಿಂದಲ್ಲ. ಎರಡೂ ಕಡೆಯವರು ಒಂದೇ ವರದಿಯನ್ನು ಓದಿ ಕುಳಿತು ಮಾತನಾಡಿದರೆ ನೆರೆಹೊರೆಯ ಜಗಳ ಅರ್ಧ ತಗ್ಗೀತು.

ವರದಿಯನ್ನು ಬಚ್ಚಿಡುವುದೂ ಉಂಟು. ಮಾಧವ ಗಾಡ್ಗೀಳ್ ಸಮಿತಿ 2011ರ ಆಗಸ್ಟ್‌ನಲ್ಲಿ ಕೊಟ್ಟ ಪಶ್ಚಿಮಘಟ್ಟ ವರದಿ ಜನರ ಕೈಗೆ ಬಂದದ್ದು 2012ರ ಮೇ ತಿಂಗಳಲ್ಲಿ. ಅದೂ ಕೇಂದ್ರ ಮಾಹಿತಿ ಆಯೋಗದ ಆದೇಶವನ್ನು ದೆಹಲಿ ಹೈಕೋರ್ಟು ಎತ್ತಿಹಿಡಿದ ಮೇಲೆ. ಕೇಳಿದವರಿದ್ದರು, ಆದ್ದರಿಂದ ಸಿಕ್ಕಿತು.

ಹುಡುಕುವ ದಾರಿ ಕಠಿಣವಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಗಳ ಅಧ್ಯಯನ ಸಂಸ್ಥೆ, ಕಬ್ಬನ್ ಉದ್ಯಾನದ ರಾಜ್ಯ ಕೇಂದ್ರ ಗ್ರಂಥಾಲಯಗಳಲ್ಲಿ ವಿಚಾರಿಸಬಹುದು. ಜನರ ಬಾಯಲ್ಲಿರುವ ಹೆಸರಿನಿಂದ ಸಿಗದಿದ್ದರೆ ಸಮಿತಿಯ ಅಧಿಕೃತ ಹೆಸರು, ಇಲಾಖೆ, ವರ್ಷಗಳನ್ನು ಹೇಳಿ ಕೇಳಬೇಕು. ‘ನಂಜುಂಡಪ್ಪ ವರದಿ’ ಎಂದರೆ 2002ರ ಪ್ರಾದೇಶಿಕ ಅಸಮತೋಲನ ನಿವಾರಣೆಯ ಉನ್ನತಾಧಿಕಾರ ಸಮಿತಿಯ ವರದಿ. 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿದ ಆ ವರದಿಯನ್ನು ತೆರೆದು ನಮ್ಮ ತಾಲ್ಲೂಕಿನ ಸ್ಥಾನವನ್ನು ನಾವೇ ನೋಡಬೇಡವೇ?

ಆದರೆ ಕೂಲಿ ಬಿಟ್ಟು ಧಾರವಾಡಕ್ಕೆ ಹೋಗಿಬನ್ನಿ ಎಂದು ರೈತನಿಗೆ ಹೇಳುವುದು ನ್ಯಾಯವಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಂತೆ ನಾವು ಗ್ರಂಥಾಲಯ ಕರ ತೆರುತ್ತಿದ್ದೇವೆ. ಸ್ಥಳೀಯ ಭಾಷೆಯನ್ನು ಗಮನದಲ್ಲಿಟ್ಟು ಮಾಹಿತಿಯನ್ನು ತಾನಾಗಿಯೇ ಪ್ರಕಟಿಸಬೇಕೆಂದು 2005ರ ಮಾಹಿತಿ ಹಕ್ಕು ಕಾಯಿದೆಯ 4ನೆಯ ಪ್ರಕರಣ ಆಡಳಿತಕ್ಕೆ ವಿಧಿಸಿದೆ. ಹೀಗಿರುವಾಗ ನಾಲ್ಕೂ ತಾಲ್ಲೂಕು ಗ್ರಂಥಾಲಯಗಳಲ್ಲಿ ನೆಲ, ಜಲ, ಅರಣ್ಯ ವರದಿಗಳಿಗೊಂದು ಕಪಾಟು, ಜೊತೆಗೆ ಕನ್ನಡ ಸಾರಾಂಶ ಇರಲೇಬೇಕು. ಗ್ರಾಮ ಪಂಚಾಯತಿ ಗ್ರಂಥಾಲಯಗಳು 2019ರಿಂದ ಗ್ರಾಮೀಣಾಭಿವೃದ್ಧಿ ಇಲಾಖೆಯ ಅಧೀನದಲ್ಲಿರುವುದರಿಂದ ಗ್ರಾಮಸಭೆಯಲ್ಲೇ ಈ ಬೇಡಿಕೆಯನ್ನು ಠರಾವು ಮಾಡಬಹುದು.

ಮನವಿ ಪತ್ರ ಬರೆಯುವ ಮುನ್ನ ವರದಿ ಓದೋಣ. ಅಂಕಿ-ಅಂಶ ಹಿಡಿದು ಕೇಳುವವನನ್ನು ಯಾವ ಅಧಿಕಾರಿಯೂ ಸುಲಭವಾಗಿ ಸಾಗಹಾಕಲಾರ.