ಮಗಳಿಗೆ ಎರಡು ವಿಳಾಸ, ಅಪ್ಪನಿಗೆ ಒಂದೇ

ಸ್ಯಾನ್ ಡಿಯಾಗೋದ ಮೀರಾ ಮೆಸಾದಲ್ಲಿ ನೆಲೆಸಿದ ಕನ್ನಡ ಮನೆಯೊಂದರಲ್ಲಿ, ಒಂದೇ ಊಟದ ಮೇಜಿನ ಮೇಲೆ ಎರಡು ದೇಶಗಳ ಮತದಾರರ ಅರ್ಜಿ ಬಿದ್ದಿರಬಹುದು. ಅಲ್ಲೇ ಹುಟ್ಟಿ, ಲಾಸ್ ಏಂಜಲೀಸ್‌ನ ಯುಸಿಎಲ್‌ಎಗೆ ಓದಲು ಹೋದ ಮಗಳಿಗೆ ಕ್ಯಾಲಿಫೋರ್ನಿಯಾದ ಕಾನೂನು ಆಯ್ಕೆ ಕೊಡುತ್ತದೆ: ಹೆತ್ತವರ ಮನೆಯ ವಿಳಾಸ, ಇಲ್ಲವೇ ಓದುವ ಊರಿನದು. ಎರಡೂ ಕಡೆ ಹೆಸರಿರುವಂತಿಲ್ಲ. ಮನೆಯದನ್ನು ಬರೆದರೆ ಸ್ಯಾನ್ ಡಿಯಾಗೋದ ಮೇಯರ್‌ಗೆ ಮತ. ವೆಸ್ಟ್‌ವುಡ್‌ನ ಬಾಡಿಗೆ ಕೋಣೆಯದನ್ನು ಬರೆದರೆ ಲಾಸ್ ಏಂಜಲೀಸ್‌ನ ಮೇಯರ್‌ಗೆ. ಅಂಚೆ ವಿಳಾಸಕ್ಕೆ ಅರ್ಜಿಯಲ್ಲಿ ಬೇರೆಯೇ ಕಾಲಂ ಇದೆ. ಹೆತ್ತವರ ಊರಿನ ಮತ ಉಳಿಸಿಕೊಂಡೇ ಮತಪತ್ರವನ್ನು ಕೋಣೆಗೆ ತರಿಸಿಕೊಳ್ಳಬಹುದು. ಮಕ್ಕಳಿಗೆ ಹೇಳಿಕೊಡಬೇಕಾದ ಮಾತಿದು. ಯಾವ ಊರಿನ ಬಾಡಿಗೆ, ಬಸ್ಸು, ಬೀದಿದೀಪ ಅವರನ್ನು ದಿನವೂ ತಟ್ಟುತ್ತವೋ ಆ ಊರನ್ನೇ ಆರಿಸಿಕೊಳ್ಳಲಿ ಎಂಬುದು ನಮ್ಮ ಅಭಿಪ್ರಾಯ.

ಭಾರತದ ಪೌರತ್ವ ಬಿಡದ ಅಪ್ಪನಿಗೆ ಈ ಆಯ್ಕೆಯೇ ಇಲ್ಲ. 2010ರ ಕಾನೂನು ತಿದ್ದುಪಡಿಯಿಂದ ಅವರಿಗೆ ಮತದಾರರ ಪಟ್ಟಿ ಸೇರುವ ಅರ್ಜಿ, ನಮೂನೆ 6ಎ, ಸಿಕ್ಕಿತು, ನಿಜ. ಆದರೆ ಹೆಸರು ಸೇರುವುದು ಪಾಸ್‌ಪೋರ್ಟಿನಲ್ಲಿರುವ ಭಾರತದ ವಿಳಾಸದ ಕ್ಷೇತ್ರಕ್ಕೆ. ಅದು ಬಸವನಗುಡಿಯಾದರೆ ಬಸವನಗುಡಿಯ ಮತಗಟ್ಟೆಗೆ, ಮೂಲ ಪಾಸ್‌ಪೋರ್ಟ್ ಹಿಡಿದು, ಖುದ್ದಾಗಿ ಬರಬೇಕು. ಒಂದು ಮತಕ್ಕಾಗಿ ಸಾಗರ ದಾಟುವ ಪಯಣ! ಪ್ರತಿನಿಧಿಯ ಮೂಲಕ ಮತ ಹಾಕಿಸಲು ಅವಕಾಶ ಕೊಡುವ ಮಸೂದೆಗೆ 2018ರಲ್ಲಿ ಲೋಕಸಭೆ ಒಪ್ಪಿತ್ತು. ರಾಜ್ಯಸಭೆ ದಾಟದೆ 2019ರಲ್ಲಿ ಅದು ಬಿದ್ದುಹೋಯಿತು. ಅದಕ್ಕಿಂತ ಅಂಚೆ ಮತವೇ ಲೇಸು, ಗುಟ್ಟು ಮತದಾರನ ಕೈಯಲ್ಲೇ ಉಳಿಯುತ್ತದೆ. ಕೇಂದ್ರ ಸರ್ಕಾರ ಆ ದಾರಿಯನ್ನು ತೆರೆಯಬೇಕು.