ಮುರುಗಲು ಶರಬತ್ತು ಮತ್ತು ಖಾಲಾ ಬಿಟ್ಟ ಮಾತ್ರೆ

ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಅಣಶಿಯಲ್ಲಿರುವ ಖಾಲಾ ಮನೆಗೆ ಹೋಗಿದ್ದೆ. ಜೋಯಿಡಾ ತಾಲೂಕಿನ ಈ ಊರು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ದಟ್ಟ ಕಾಡಿನ ನಡುವೆ ಇದೆ. ಅದು ಮುರುಗಲು ಹಣ್ಣಿನ ಕಾಲ. ಖಾಲಾ ಅಂಗಳದ ಒಂದು ಬದಿಯಲ್ಲಿ ಸಿಪ್ಪೆಯನ್ನು ಬಿಸಿಲಿಗೆ ಹರಡಿದ್ದರು. ಇನ್ನೊಂದು ಬದಿಯಲ್ಲಿ ಗಾಜಿನ ಭರಣಿಯೊಳಗೆ ಒಂದು ಪದರ ಸಿಪ್ಪೆ, ಅದರ ಮೇಲೆ ಒಂದು ಪದರ ಸಕ್ಕರೆ ಹಾಕಿಟ್ಟಿದ್ದರು.

"ಶರಬತ್ತು ಕುಡಿ ಬೇಟಿ. ನಾನಂತೂ ದಿನಕ್ಕೆ ಮೂರು ಲೋಟ ಕುಡಿಯುತ್ತೇನೆ. ಶುಗರಿನ ಮಾತ್ರೆ ಬಿಟ್ಟು ಎರಡು ತಿಂಗಳಾಯಿತು" ಎಂದರು.

ನಾನು ಗಾಬರಿಯಾದೆ. ಕೆಂಪು ಬಣ್ಣದ ಹಣ್ಣುಗಳು ಮಧುಮೇಹವನ್ನು ಬೇರುಸಹಿತ ಕಿತ್ತು ಹಾಕುತ್ತವೆ ಎಂದು ಯಾರೋ ಮೊಬೈಲಿಗೆ ಸಂದೇಶ ಕಳುಹಿಸಿದ್ದರಂತೆ. "ಶರಬತ್ತಿಗೆ ಇಷ್ಟೊಂದು ಸಕ್ಕರೆ ಹಾಕಿದ್ದೀರಲ್ಲ ಖಾಲಾ?" ಎಂದು ಕೇಳಿದರೆ, "ಹಣ್ಣಿನ ಜೊತೆ ಸೇರಿದರೆ ಅದೂ ಔಷಧಿಯೇ" ಎಂಬ ಉತ್ತರ ಬಂತು. ಮರುದಿನ ಜೋಯಿಡಾಕ್ಕೆ ಕರೆದೊಯ್ದು ಪರೀಕ್ಷೆ ಮಾಡಿಸಿದೆವು. ಖಾಲಿ ಹೊಟ್ಟೆಯಲ್ಲಿಯೇ ಸಕ್ಕರೆ ಅಂಶ 250 ದಾಟಿತ್ತು. ವೈದ್ಯರು ಮಾತ್ರೆಯನ್ನು ಮತ್ತೆ ಆರಂಭಿಸಿದರು. ಬಸ್ಸಿನಲ್ಲಿ ಮರಳುವಾಗ ಖಾಲಾ ಬೇಸರದಿಂದ ಕೇಳಿದರು: "ಹಾಗಾದರೆ ಹಣ್ಣಿನಲ್ಲಿ ಗುಣವೇ ಇಲ್ಲವೇ?"

ನಾನು ವೈದ್ಯಳಲ್ಲ, ಒಬ್ಬ ಶಿಕ್ಷಕಿ. ಆದರೂ ಅವರ ಪ್ರಶ್ನೆಗೆ ಉತ್ತರ ಹುಡುಕುತ್ತಾ ಓದಿ ತಿಳಿದದ್ದನ್ನು ಸಹೋದರಿಯರೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಹಣ್ಣಿನಲ್ಲಿ ಗುಣ ಇದೆ. ಆದರೆ ಅದು ನಮ್ಮ ರಕ್ತಕ್ಕೆ ಸೇರುವ ದಾರಿ ನಾವು ಭಾವಿಸಿದಷ್ಟು ನೇರವಾಗಿಲ್ಲ. ಮುರುಗಲಿನ ಕೆಂಪು, ನೇರಳೆ ಹಣ್ಣಿನ ಬಣ್ಣ, ನೆಲ್ಲಿಕಾಯಿ ಮತ್ತು ಚಹಾದ ಒಗರು ಇವುಗಳ ಹಿಂದೆ ಪಾಲಿಫಿನಾಲ್ ಎಂಬ ವಸ್ತುಗಳ ಗುಂಪಿದೆ. ಬಿಸಿಲು, ಕೀಟ, ರೋಗಗಳಿಂದ ತಮ್ಮನ್ನು ರಕ್ಷಿಸಿಕೊಳ್ಳಲು ಗಿಡಗಳು ಇವನ್ನು ತಯಾರಿಸುತ್ತವೆ. ನಾವು ತಿಂದಾಗ ಸಣ್ಣ ಕರುಳು ಹೀರಿಕೊಳ್ಳುವುದು ಇವುಗಳಲ್ಲಿ ಸ್ವಲ್ಪ ಭಾಗವನ್ನು ಮಾತ್ರ. ನೂರರಲ್ಲಿ ಐದರಿಂದ ಹತ್ತು ಪಾಲು ಎಂಬುದು ಸಾಮಾನ್ಯ ಅಂದಾಜು. ಉಳಿದದ್ದು ದೊಡ್ಡ ಕರುಳಿಗೆ ಇಳಿಯುತ್ತದೆ.

ಅಲ್ಲಿ ಇವುಗಳಿಗಾಗಿ ಕಾದಿರುವವರು ಬ್ಯಾಕ್ಟೀರಿಯಾಗಳು. 2016ರಲ್ಲಿ ಪ್ರಕಟವಾದ ಒಂದು ಲೆಕ್ಕದ ಪ್ರಕಾರ ವಯಸ್ಕ ಮನುಷ್ಯನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ. ಎಲ್ಲವನ್ನೂ ಒಟ್ಟು ತೂಗಿದರೆ ಕೇವಲ 200 ಗ್ರಾಂ. ಹೆಚ್ಚಿನವು ಇರುವುದು ದೊಡ್ಡ ಕರುಳಿನಲ್ಲಿಯೇ. ಇವು ಪಾಲಿಫಿನಾಲನ್ನು ಒಡೆದು ಬೇರೆಯೇ ವಸ್ತುಗಳನ್ನಾಗಿ ಮಾಡುತ್ತವೆ. ಮುರುಗಲಿನ ಕೆಂಪು ಬಣ್ಣವಾದ ಆಂಥೋಸಯಾನಿನ್ ಒಡೆದು ಸಣ್ಣ ಸಣ್ಣ ಆಮ್ಲಗಳಾಗುತ್ತದೆ. ದಾಳಿಂಬೆ, ನೆಲ್ಲಿಕಾಯಿ, ಅಕ್ರೋಟಿನ ಒಗರಿನಿಂದ ಯುರೋಲಿಥಿನ್ ತಯಾರಾಗುತ್ತದೆ. ಎಳ್ಳು ಮತ್ತು ಅಗಸೆಯಲ್ಲಿರುವ ಅಂಶದಿಂದ ಎಂಟೆರೋಲ್ಯಾಕ್ಟೋನ್ ಆಗುತ್ತದೆ. ಹೀಗೆ ತಯಾರಾದ ವಸ್ತುಗಳೇ ರಕ್ತಕ್ಕೆ ಸೇರಿ ದೇಹದಲ್ಲಿ ಸಂಚರಿಸುವುದು. ಮನೆಗೆ ಅಕ್ಕಿ ತಂದರಷ್ಟೇ ಸಾಲದು, ಅನ್ನ ಮಾಡುವವರೂ ಬೇಕು. ಹಣ್ಣಿನ ವಿಷಯದಲ್ಲಿ ಆ ಕೆಲಸ ಕರುಳಿನ ಬ್ಯಾಕ್ಟೀರಿಯಾಗಳದ್ದು.

ಈ ಅಡುಗೆಯವರು ಎಲ್ಲರ ಹೊಟ್ಟೆಯಲ್ಲಿಯೂ ಒಂದೇ ರೀತಿ ಇಲ್ಲ. ಸ್ಪೇನ್ ದೇಶದ ವಿಜ್ಞಾನಿಗಳು 2014ರಲ್ಲಿ ಜನರನ್ನು ಮೂರು ಗುಂಪುಗಳಾಗಿ ವಿಂಗಡಿಸಿ ತೋರಿಸಿದರು. ಒಂದು ಗುಂಪಿನವರ ಕರುಳಿನಲ್ಲಿ ಯುರೋಲಿಥಿನ್-ಎ ಮಾತ್ರ ಕೊನೆಗೆ ಸಿಗುತ್ತದೆ, ಇನ್ನೊಂದು ಗುಂಪಿನವರಲ್ಲಿ ಅದರ ಜೊತೆ ಬೇರೆ ಬಗೆಯ ಯುರೋಲಿಥಿನ್‌ಗಳೂ ಇರುತ್ತವೆ, ಮೂರನೆಯ ಗುಂಪಿನವರಲ್ಲಿ ಇವು ಯಾವುವೂ ತಯಾರಾಗುವುದಿಲ್ಲ. ಒಂದೇ ದಾಳಿಂಬೆಯನ್ನು ಮೂವರಿಗೆ ಹಂಚಿ ಕೊಟ್ಟರೂ ಮೂವರಿಗೆ ಸಿಗುವ ಫಲ ಬೇರೆ ಬೇರೆ. "ನನಗೆ ವಾಸಿಯಾಯಿತು, ನೀನೂ ಮಾಡು" ಎಂಬ ಮಾತು ಏಕೆ ಅಪಾಯಕಾರಿ ಎಂಬುದು ಇದರಿಂದ ತಿಳಿಯುತ್ತದೆ.

ಯುರೋಲಿಥಿನ್‌ನಿಂದ ಪ್ರಯೋಜನವೇನು? ಸ್ವಿಟ್ಜರ್ಲೆಂಡಿನ ಸಂಶೋಧಕರು 2016ರಲ್ಲಿ ಇದನ್ನು ಪುಟ್ಟ ಹುಳುಗಳಿಗೆ ನೀಡಿದಾಗ ಅವು ಹೆಚ್ಚು ಕಾಲ ಬದುಕಿದವು. ಇಲಿಗಳಲ್ಲಿ ಓಡುವ ಶಕ್ತಿ ಹೆಚ್ಚಿತು. ಆದರೆ ಮನುಷ್ಯರಲ್ಲಿ? 65 ವರ್ಷ ದಾಟಿದವರಿಗೆ ನಾಲ್ಕು ತಿಂಗಳು ನೀಡಿದ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ಸ್ನಾಯುಗಳು ದಣಿಯದೆ ಕೆಲಸ ಮಾಡುವ ಶಕ್ತಿ ಸುಧಾರಿಸಿತ್ತು. ಆದರೆ ಆರು ನಿಮಿಷದಲ್ಲಿ ನಡೆಯುವ ದೂರದಲ್ಲಿ, ಔಷಧಿಯಿಲ್ಲದ ಮಾತ್ರೆ ನುಂಗಿದವರಿಗಿಂತ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇದನ್ನೇ ಮಾತ್ರೆಯಾಗಿ ದುಬಾರಿ ಬೆಲೆಗೆ ಮಾರುವವರಿದ್ದಾರೆ. ಇದು ಮಧುಮೇಹದ ಮಾತ್ರೆಗೆ ಬದಲಿಯಲ್ಲ. ಮುರುಗಲು ಶರಬತ್ತೂ ಅಲ್ಲ.

ಹಾಗಾದರೆ ನಾವು ಮಾಡಬೇಕಾದದ್ದೇನು? ಅಡುಗೆಯವರನ್ನು ಚೆನ್ನಾಗಿ ನೋಡಿಕೊಳ್ಳುವುದು. ಅವರಿಗೆ ಬೇಕಾದದ್ದು ನಾರಿನಂಶ ಮತ್ತು ಬಗೆಬಗೆಯ ಸಸ್ಯಾಹಾರ. ಜೋಯಿಡಾದ ಕುಣಬಿ ಮಹಿಳೆಯರು ಗೆಡ್ಡೆ ಗೆಣಸು ಮೇಳಕ್ಕೆ ತರುವ ಬಗೆಬಗೆಯ ಗೆಡ್ಡೆಗಳು, ಹಳಿಯಾಳ ಕಡೆಯ ರೊಟ್ಟಿಯ ಜೊತೆಗಿನ ಅಗಸೆ ಚಟ್ನಿ, ಕಾಳಿನ ಪಲ್ಯ, ಸೊಪ್ಪು, ಕಾಲಕ್ಕೆ ಸಿಗುವ ನೇರಳೆ, ನೆಲ್ಲಿ, ಪೇರಲೆ ಎಲ್ಲವೂ ನಮ್ಮ ಕೈಗೆಟಕುವಂಥವು. ಹಣ್ಣನ್ನು ಹಿಂಡಿ ಸೋಸಿ ಸಕ್ಕರೆ ಬೆರೆಸುವ ಬದಲು ಹಾಗೆಯೇ ತಿನ್ನಿರಿ. ಇಫ್ತಾರ್‌ಗೆ ಮೇಜಿನ ತುಂಬ ಕರಿದ ತಿಂಡಿ ಇಡುವಾಗ ಒಂದು ತಟ್ಟೆ ಹಣ್ಣಿಗೂ ಜಾಗವಿರಲಿ.

ಇನ್ನೊಂದು ತಪ್ಪು ನಮ್ಮಲ್ಲಿ ಬಹಳ. ಮಗುವಿಗೆ ನೆಗಡಿಯಾದರೆ ಸಾಕು, ಹಿಂದೆ ಬರೆದುಕೊಟ್ಟ ಚೀಟಿಯನ್ನೇ ತೋರಿಸಿ ಆ್ಯಂಟಿಬಯೋಟಿಕ್ ತಂದು ಕುಡಿಸುತ್ತೇವೆ. ನೆಗಡಿಗೆ ಕಾರಣ ವೈರಸ್. ಅದಕ್ಕೆ ಈ ಔಷಧಿ ತಾಗುವುದೇ ಇಲ್ಲ. ಸಾಯುವುದು ಕರುಳಿನ ಉಪಕಾರಿ ಬ್ಯಾಕ್ಟೀರಿಯಾಗಳು. ಆ್ಯಂಟಿಬಯೋಟಿಕ್ ತೆಗೆದುಕೊಂಡವರ ರಕ್ತದಲ್ಲಿ ಎಂಟೆರೋಲ್ಯಾಕ್ಟೋನ್ ಕಡಿಮೆಯಾಗಿದ್ದುದನ್ನು, ಅದು ತಿಂಗಳುಗಟ್ಟಲೆ ಹಾಗೆಯೇ ಇದ್ದುದನ್ನು ಫಿನ್ಲೆಂಡಿನ ಒಂದು ಅಧ್ಯಯನ 2002ರಲ್ಲಿಯೇ ತೋರಿಸಿದೆ. ವೈದ್ಯರು ಪರೀಕ್ಷಿಸಿ ಬರೆದುಕೊಟ್ಟರೆ ಮಾತ್ರ, ಅವರು ಹೇಳಿದಷ್ಟು ದಿನ ಪೂರ್ತಿಯಾಗಿ ತೆಗೆದುಕೊಳ್ಳಬೇಕು.

ಒಗರು ಒಳ್ಳೆಯದು ಎಂದು ಊಟದ ಜೊತೆಗೇ ಚಹಾ ಕುಡಿಯುವುದೂ ಬೇಡ. ಚಹಾದ ಒಗರು ಆಹಾರದ ಕಬ್ಬಿಣದ ಅಂಶವನ್ನು ಹಿಡಿದಿಟ್ಟುಕೊಂಡು ದೇಹಕ್ಕೆ ಸಿಗದಂತೆ ಮಾಡುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ ಇದೆ. ಆದ್ದರಿಂದ ಊಟವಾಗಿ ಒಂದು ಗಂಟೆಯ ನಂತರ ಚಹಾ ಕುಡಿಯಿರಿ.

ಕಳೆದ ವಾರ ಖಾಲಾಗೆ ಫೋನ್ ಮಾಡಿದ್ದೆ. ಬೆಳಗಿನ ಮಾತ್ರೆ ತಪ್ಪಿಸುತ್ತಿಲ್ಲ. ಒಣಗಿಸಿಟ್ಟ ಮುರುಗಲು ಸಿಪ್ಪೆಯನ್ನು ಮೀನಿನ ಸಾರಿಗೆ ಹಾಕುತ್ತಾರೆ. ಒಮ್ಮೊಮ್ಮೆ ಅದನ್ನು ನೀರಿನಲ್ಲಿ ನೆನೆಸಿ ಜೀರಿಗೆ, ಚಿಟಿಕೆ ಉಪ್ಪು ಹಾಕಿ ಕುಡಿಯುತ್ತಾರೆ, ಸಕ್ಕರೆ ಇಲ್ಲ. "ಭರಣಿಯ ಶರಬತ್ತನ್ನು ಏನು ಮಾಡಿದಿರಿ?" ಎಂದು ಕೇಳಿದೆ.

"ಮೊಮ್ಮಕ್ಕಳು ಖಾಲಿ ಮಾಡಿದರು ಬೇಟಿ" ಎಂದರು. "ಅವರಿಗೂ ದಿನಕ್ಕೆ ಮೂರು ಲೋಟ ಕೊಡಬೇಡಿ ಖಾಲಾ" ಎಂದೆ. ಇಬ್ಬರೂ ನಕ್ಕೆವು.